ಹೊಸ ಲಿನಕ್ಸ್: ತೆರೆಯ ಚೆಲುವು, ಕೈಯ ರೂಢಿ

ಡೆಸ್ಕ್‌ಟಾಪ್ ಲಿನಕ್ಸಿನ ಹೊಸ ಆವೃತ್ತಿ ಬಂದಾಗಲೆಲ್ಲ ಮಾತು ಮೊದಲು ಹೊರಳುವುದು ಅದರ ರೂಪದ ಕಡೆಗೆ. ದಿನವಿಡೀ ಕಂಪ್ಯೂಟರಿನಲ್ಲೇ ದುಡಿಯುವವರಿಗೆ ಬೇಕಾದದ್ದು ಬೇರೆ: ಕೈಗೆ ರೂಢಿಯಾದ ಕೆಲಸ ಹಾಗೆಯೇ ಸಾಗುತ್ತದೆಯೇ? ಸಾಗದಿದ್ದರೆ ಸರಿಪಡಿಸಿಕೊಳ್ಳುವ ದಾರಿ ಉಂಟೇ? ಹೊಸ ಆವೃತ್ತಿಯನ್ನು ಅಳೆಯಬೇಕಾದದ್ದು ಇದರಿಂದಲೇ ಎನ್ನಲು 2011ರ ಏಪ್ರಿಲ್ ತಿಂಗಳೇ ಸಾಕ್ಷಿ. ಆ ಒಂದೇ ತಿಂಗಳಲ್ಲಿ ಗ್ನೋಮ್ 3 ಎಂಬ ಡೆಸ್ಕ್‌ಟಾಪ್ ಹೊರಬಂತು, ಉಬುಂಟು 11.04 ಯೂನಿಟಿ ಎಂಬ ಹೊಸ ಮುಖ ತೊಟ್ಟಿತು. ಗ್ನೋಮ್ 3ರಲ್ಲಿ ತೆರೆಯ ಅಡಿಯ ಕಿಟಕಿಗಳ ಪಟ್ಟಿ ಇರಲಿಲ್ಲ, ಕಿಟಕಿಯನ್ನು ಕೆಳಗಿಳಿಸುವ ಗುಂಡಿಯೂ ಇರಲಿಲ್ಲ. ಲಿನಕ್ಸ್ ಕರ್ನೆಲ್‌ನ ಜನಕ ಲೀನಸ್ ಟೊರ್ವಾಲ್ಡ್ಸ್ ಅವರೇ ಬೇಸತ್ತು ಎಕ್ಸ್‌ಎಫ್‌ಸಿಇ ಎಂಬ ಬೇರೆ ಡೆಸ್ಕ್‌ಟಾಪ್‌ಗೆ ಹೋದರು. ಕೆಲವರು ಹಳೆಯ ಗ್ನೋಮ್ 2ರ ಕೋಡನ್ನೇ ಎತ್ತಿಕೊಂಡು ಮಾಟೆ ಎಂದು ಮುಂದುವರಿಸಿದರು. ಲಿನಕ್ಸ್ ಮಿಂಟ್ ತಂಡ ಕೆಳಗಿನ ಪಟ್ಟಿಯನ್ನೂ ಮೂಲೆಯ ಮೆನುವನ್ನೂ ಉಳಿಸಿಕೊಂಡ ಸಿನಮನ್ ಕಟ್ಟಿತು. ಇವೆರಡೂ ಇಂದಿಗೂ ಬಳಕೆಯಲ್ಲಿವೆ.

ಬದಲಾವಣೆಯೇ ಬೇಡವೆಂದರೆ ಬೆಳವಣಿಗೆ ಹೇಗೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಯೂನಿಟಿಯ ಹಿಂದೆ ಗಟ್ಟಿ ಕಾರಣವಿತ್ತು: ನೆಟ್‌ಬುಕ್‌ಗಳ ಅಗಲ ತೆರೆಯಲ್ಲಿ ಎತ್ತರವೇ ಕಡಿಮೆ, ಆದ್ದರಿಂದ ಪಟ್ಟಿಯನ್ನು ಎಡಬದಿಗೆ ಸರಿಸಿದರು. ಆ ವಿನ್ಯಾಸ ಕೆಟ್ಟದ್ದಾಗಿರಲಿಲ್ಲ. 2017ರಲ್ಲಿ ಉಬುಂಟು ಯೂನಿಟಿಯನ್ನು ಕೈಬಿಟ್ಟು ಗ್ನೋಮ್‌ಗೆ ಮರಳಿದಾಗಲೂ ಎಡಬದಿಯ ಪಟ್ಟಿಯನ್ನು ಉಳಿಸಿಕೊಂಡಿತು. ಅಷ್ಟರಲ್ಲಿ ಜನರ ಕೈಗೆ ಅದೂ ಒಗ್ಗಿತ್ತು. ತಪ್ಪಿದ್ದು ಹೊಸದನ್ನು ತಂದದ್ದರಲ್ಲಲ್ಲ, ಹಳೆಯ ಬಾಗಿಲನ್ನು ಬೇಗ ಮುಚ್ಚಿದ್ದರಲ್ಲಿ. ಇಷ್ಟೊಂದು ಡೆಸ್ಕ್‌ಟಾಪ್‌ಗಳಿದ್ದರೆ ಹೊಸಬರು ಕಂಗಾಲಾಗುತ್ತಾರೆ, ಅವನ್ನು ಕಟ್ಟುವವರ ಶ್ರಮವೂ ಹಂಚಿಹೋಗುತ್ತದೆ ಎಂಬ ಆಕ್ಷೇಪವೂ ಸುಳ್ಳಲ್ಲ. ಆದರೂ ಆ ಬೆಲೆ ತೆರಬಹುದಾದದ್ದೇ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಸಾಮಾನ್ಯವಾಗಿ ಮುಗಿಯಿತು; ವಿಂಡೋಸ್ 11 ಒಪ್ಪದ ಎಷ್ಟೋ ಗಟ್ಟಿಮುಟ್ಟಾದ ಯಂತ್ರಗಳಿವೆ. ಅಂಥ ಯಂತ್ರದ ಒಡೆಯರಿಗೆ ಕಂಡು ಗೊತ್ತಿರುವಂಥ ಮೆನುವಿನ ಸಿನಮನ್ ಆಗಲಿ, ಕಡಿಮೆ ಮೆಮೊರಿಯಲ್ಲಿ ಓಡುವ ಎಕ್ಸ್‌ಎಫ್‌ಸಿಇ ಆಗಲಿ ಸಿಗುವುದು ಈ ವೈವಿಧ್ಯದಿಂದಲೇ.

ಕನ್ನಡದಲ್ಲಿ ಬರೆಯುವವರಿಗೆ ರೂಢಿಯ ಪ್ರಶ್ನೆ ಕೀಲಿಮಣೆಯವರೆಗೂ ಬರುತ್ತದೆ. ಕೆ.ಪಿ. ರಾವ್ ಅವರ ವಿನ್ಯಾಸದ ಜಾಡಿನಲ್ಲಿ ಬಂದ ಕಗಪ ಕೀಲಿಮಣೆ ಲಿನಕ್ಸಿನಲ್ಲಿದೆ, ಇನ್‌ಸ್ಕ್ರಿಪ್ಟ್ ಕೂಡ ಇದೆ. ಸೆಟ್ಟಿಂಗ್ಸ್‌ನಲ್ಲಿ ನಿಮಗೆ ರೂಢಿಯಾದದ್ದನ್ನು ಸೇರಿಸಿಕೊಂಡು, ಲಿಬ್ರೆಆಫೀಸ್‌ನಲ್ಲಿ ಒಂದು ಪುಟ ಬರೆದು, ಒತ್ತಕ್ಷರಗಳು ತೆರೆಯಲ್ಲೂ ಪಿಡಿಎಫ್‌ನಲ್ಲೂ ಸರಿಯಾಗಿ ಮೂಡುತ್ತವೆಯೇ ಎಂದು ನೋಡಬೇಕು. ಯೂನಿಕೋಡ್ ಅಲ್ಲದ ಹಳೆಯ ‘ನುಡಿ’ ತಂತ್ರಾಂಶದ ಕಡತಗಳಿದ್ದರೆ ಅವನ್ನು ಮೊದಲೇ ಪರಿವರ್ತಿಸಿಟ್ಟುಕೊಳ್ಳುವುದು ಒಳ್ಳೆಯದು. ವಿಮರ್ಶೆಗಳು ಮುಟ್ಟದ ಈ ಪರೀಕ್ಷೆಯೇ ನಮಗೆ ಎಲ್ಲಕ್ಕಿಂತ ಮುಖ್ಯ.

ಇದನ್ನೆಲ್ಲ ನೋಡಲು ಹಾರ್ಡ್ ಡಿಸ್ಕನ್ನು ಮುಟ್ಟಬೇಕಿಲ್ಲ. ಪೆನ್‌ಡ್ರೈವ್‌ನಿಂದಲೇ ಚಾಲೂ ಮಾಡಿ ವೈಫೈ, ಪ್ರಿಂಟರ್, ಕನ್ನಡ ಮೂರನ್ನೂ ಪರೀಕ್ಷಿಸಬಹುದು. ಹಾಕಿಕೊಳ್ಳುವುದೆಂದು ನಿಶ್ಚಯಿಸಿದರೆ ಕಡತಗಳ ಪ್ರತಿ ಬೇರೆಡೆ ಇಟ್ಟುಕೊಂಡು, ದೀರ್ಘಾವಧಿ ಬೆಂಬಲದ ಎಲ್‌ಟಿಎಸ್ ಆವೃತ್ತಿಯನ್ನೇ ಆರಿಸಿಕೊಳ್ಳಿ. ಉಬುಂಟುವಿನ ನಡುವಿನ ಆವೃತ್ತಿಗಳಿಗೆ ಬೆಂಬಲ 9 ತಿಂಗಳು ಮಾತ್ರ. ಎಲ್‌ಟಿಎಸ್‌ಗೆ 5 ವರ್ಷ.