ಅಂತರಜಾಲದಲ್ಲಿ ಪಾಠಕ್ರಮವನ್ನು ರಚಿಸುವ ವಿಧಾನ

ಹೊಲದ ಮಣ್ಣನ್ನು ಪರೀಕ್ಷೆಗೆ ಕಳುಹಿಸುವಾಗ ಮಾದರಿಯನ್ನು ತೆಗೆಯುವುದರಲ್ಲಿಯೇ ತಪ್ಪಾದರೆ, ಪ್ರಯೋಗಶಾಲೆಯವರು ಎಷ್ಟು ಎಚ್ಚರಿಕೆಯಿಂದ ಪರೀಕ್ಷಿಸಿದರೂ ಅವರು ಕೊಡುವ ಸಲಹೆಯು ಆ ಹೊಲಕ್ಕೆ ಒಪ್ಪಲಾರದು; ಗೊಬ್ಬರಕ್ಕೆ ಹಾಕಿದ ಹಣವೂ ವ್ಯರ್ಥವಾಗುವುದು. ತಿಪ್ಪೆಯ ಪಕ್ಕದಿಂದಲೋ ಮರದ ನೆರಳಿನಿಂದಲೋ ಹಿಡಿ ಮಣ್ಣನ್ನು ತಂದುಕೊಡುವುದು ಇಂತಹ ತಪ್ಪುಗಳಲ್ಲೊಂದು. ಸರಿಯಾದ ಕ್ರಮವನ್ನು ಪ್ರತಿಯೊಬ್ಬರ ಹೊಲಕ್ಕೂ ಹೋಗಿ ತೋರಿಸುವುದು ಕಷ್ಟಸಾಧ್ಯವಾದುದರಿಂದ, ಮೊಬೈಲಿನ ಮೂಲಕ ಕಲಿಸುವ ಪಾಠಕ್ರಮವೊಂದನ್ನು ಗ್ರಾಮದ ಮುಖಂಡರೂ ಜಮೀನುದಾರರೂ ಊರಿನ ವಿದ್ಯಾವಂತ ತರುಣ ತರುಣಿಯರಿಂದ ಸಿದ್ಧಮಾಡಿಸಬಹುದು.

ಸಾಧನ.— ಇದಕ್ಕೆ ಬೇಕಾದ ತಂತ್ರಾಂಶಕ್ಕೆ ಕಲಿಕಾ ನಿರ್ವಹಣಾ ವ್ಯವಸ್ಥೆಯೆಂದು ಹೆಸರು. ಇವುಗಳಲ್ಲಿ ಮೂಡಲ್ ಎಂಬುದು ಪ್ರಸಿದ್ಧವಾದುದು. ಆಸ್ಟ್ರೇಲಿಯಾದ ಮಾರ್ಟಿನ್ ಡೂಗಿಯಾಮಸ್ ಎಂಬವರು ಆರಂಭಿಸಿದ ಇದರ ಮೊದಲನೆಯ ಆವೃತ್ತಿಯು 2002ನೆಯ ಇಸವಿಯಲ್ಲಿ ಹೊರಬಂದಿತು. ತಂತ್ರಾಂಶಕ್ಕೆ ಬೆಲೆಯಿಲ್ಲ, ಆದರೆ ಅದನ್ನು ಇರಿಸುವ ಸರ್ವರಿಗೆ ಬಾಡಿಗೆ ತಗಲುವುದು. ಸಮೀಪದ ಕಾಲೇಜಿನವರು ಮೂಡಲನ್ನು ಬಳಸುತ್ತಿದ್ದರೆ ಅವರಲ್ಲಿಯೇ ಸ್ಥಳವನ್ನು ಕೇಳಿಕೊಳ್ಳುವುದು ಸುಲಭ. ಕೈ ಪಳಗಿಸಿಕೊಳ್ಳಲು ಮೂಡಲ್ ಸಂಸ್ಥೆಯವರೇ ಒಂದು ಅಭ್ಯಾಸದ ತಾಣವನ್ನು ಇಟ್ಟಿರುವರು. ಅಲ್ಲಿ ಮಾಡಿದುದೆಲ್ಲವೂ ಗಂಟೆಗೊಮ್ಮೆ ಅಳಿಸಿಹೋಗುವುದರಿಂದ ತಪ್ಪಿಗೆ ಅಂಜಬೇಕಾದುದಿಲ್ಲ. ಉಳಿಸಿಕೊಳ್ಳಬೇಕಾದ ಕೆಲಸವನ್ನು ಮಾತ್ರ ಅಲ್ಲಿ ಮಾಡಬಾರದು.

ಮೊದಲು ಕಾಗದದ ಮೇಲೆ.— ಹೊಸಬರು ಕೈಗೆ ಸಿಕ್ಕಿದ ಕರಪತ್ರಗಳನ್ನೆಲ್ಲ ತಾಣಕ್ಕೆ ಏರಿಸಿ, ಪಾಠಕ್ರಮವು ಮುಗಿಯಿತೆಂದು ಭಾವಿಸುವುದುಂಟು. ಹೊಲದ ಮೂಲೆಯಲ್ಲಿ ಬೀಜದ ಮೂಟೆಯನ್ನು ಸುರಿದರೆ ಬಿತ್ತನೆಯಾಗದು, ಇದೂ ಹಾಗೆಯೇ. ಕಲಿತವನು ಕೊನೆಗೆ ಏನನ್ನು ಮಾಡಬಲ್ಲವನಾಗಬೇಕೆಂಬುದನ್ನು ಮೊದಲು ಒಂದು ವಾಕ್ಯದಲ್ಲಿ ಬರೆದಿಡತಕ್ಕದ್ದು. ಇಲ್ಲಿ ಆ ವಾಕ್ಯವು “ತನ್ನ ಹೊಲದ ಸರಿಯಾದ ಮಾದರಿಯನ್ನು ಅರ್ಧ ಕಿಲೋದಷ್ಟು ತೆಗೆಯಬಲ್ಲನು” ಎಂಬುದು. ಈ ಗುರಿಗೆ ಬೇಡವಾದುದನ್ನು ಬಿಟ್ಟು, ಉಳಿದುದನ್ನು ಸ್ಥಳದ ಆಯ್ಕೆ, ಗುಣಿ ತೋಡುವುದು, ಮಣ್ಣನ್ನು ಬೆರೆಸಿ ಕಡಿಮೆಮಾಡುವುದು, ಚೀಟಿ ಬರೆದು ಕಳುಹಿಸುವುದು ಎಂದು ನಾಲ್ಕು ಭಾಗಗಳಾಗಿ ವಿಂಗಡಿಸಬೇಕು.

ರಚನೆ.— ಅನಂತರ ತಾಣದಲ್ಲಿ ತಿದ್ದುವ ಗುಂಡಿಯನ್ನು ಒತ್ತಿ, ಒಂದೊಂದು ಭಾಗಕ್ಕೂ ಒಂದು ಪುಟ, ಒಂದು ಚಿಕ್ಕ ವಿಡಿಯೋ, ಕೆಲವು ಪ್ರಶ್ನೆಗಳು ಇವಿಷ್ಟನ್ನು ಸೇರಿಸತಕ್ಕದ್ದು. ಎರಡನೆಯ ಭಾಗದಲ್ಲಿ, ಹೊಲದ 10ರಿಂದ 15 ಕಡೆಗಳಲ್ಲಿ ವಿ ಆಕಾರದ, 15 ಸೆಂಟಿಮೀಟರು ಆಳದ ಗುಣಿಯನ್ನು ತೋಡಿ, ಅದರ ಪಕ್ಕದಿಂದ ಮೇಲಿನಿಂದ ತಳದವರೆಗೆ ಒಂದೇ ದಪ್ಪದ ಪದರವನ್ನು ಕತ್ತರಿಸುವುದನ್ನು ತೋರಿಸಬೇಕು. ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟವನಿಗೆ ಅದು ಏಕೆ ತಪ್ಪೆಂಬ ವಿವರಣೆಯು ಕೂಡಲೇ ಕಾಣುವಂತೆ ಬರೆದಿಡಬಹುದು. ಒಂದು ಭಾಗವನ್ನು ಮುಗಿಸಿದ ಹೊರತು ಮುಂದಿನದು ತೆರೆಯದಂತೆ ಕಟ್ಟುಮಾಡುವ ಅನುಕೂಲವೂ ಉಂಟು.

ಕೈಕೆಲಸದ ಪರೀಕ್ಷೆ.— ಪ್ರಶ್ನೋತ್ತರವು ನೆನಪನ್ನು ಮಾತ್ರ ಅಳೆಯುವುದು. ಆದುದರಿಂದ ಕಲಿಯುವವನು ತಾನು ತೋಡಿದ ಗುಣಿಯ ಚಿತ್ರವನ್ನೂ, ಬೆರೆಸಿದ ಮಣ್ಣನ್ನು ನಾಲ್ಕು ಪಾಲುಮಾಡಿ ಎದುರುಬದುರಿನ ಎರಡು ಪಾಲುಗಳನ್ನು ತೆಗೆದುಹಾಕಿದ ಚಿತ್ರವನ್ನೂ ಕಳುಹಿಸುವಂತೆ ಏರ್ಪಡಿಸಬೇಕು. ಇದಕ್ಕೆ ಮೂಡಲಿನಲ್ಲಿ ಅಸೈನ್‌ಮೆಂಟ್ ಎಂಬ ಅಂಗವಿದೆ. ಪಾಠಕ್ರಮದ ಪ್ರಯೋಜನವೆಲ್ಲವೂ ಇದರ ಮೇಲೆಯೇ ನಿಂತಿರುವುದು.

ತೆರೆಯುವ ಮುನ್ನ.— ರಚಿಸಿದವರು ವಿದ್ಯಾರ್ಥಿಯ ಪಾತ್ರಕ್ಕೆ ಬದಲಾಯಿಸಿಕೊಂಡು ಎಲ್ಲವನ್ನೂ ಒಮ್ಮೆ ನೋಡತಕ್ಕದ್ದು. ಬಳಿಕ ಇದನ್ನರಿಯದ ರೈತರೊಬ್ಬರ ಕೈಗೆ ಮೊಬೈಲನ್ನು ಕೊಟ್ಟು, ಏನನ್ನೂ ಹೇಳಿಕೊಡದೆ, ಅವರು ಎಲ್ಲಿ ತಡೆಯುವರೆಂಬುದನ್ನು ಗಮನಿಸಿ ತಿದ್ದಬೇಕು. ಜಾಲವು ಸರಿಯಾಗಿ ಸಿಗದ ಊರುಗಳಲ್ಲಿ ಪಾಠವನ್ನು ಮೂಡಲ್ ಆ್ಯಪ್‌ನಲ್ಲಿ ಮೊದಲೇ ಇಳಿಸಿಕೊಂಡು ಹೊಲದಲ್ಲಿ ನೋಡಬಹುದು. ಪಾಠಕ್ರಮದ ಪ್ರತಿಯೊಂದನ್ನು ಬೇರೆಡೆಯಲ್ಲಿ ಕಾಪಾಡಿಡುವುದೂ ಅವಶ್ಯಕ.

ಬಂದ ಚಿತ್ರಗಳನ್ನು ನೋಡಿ ತಪ್ಪನ್ನು ತಿಳಿಸಲು ಒಬ್ಬರನ್ನು ಗೊತ್ತುಮಾಡಿದ ಹೊರತು ಯಾವ ಗ್ರಾಮದವರೂ ಈ ಕಾರ್ಯವನ್ನು ಆರಂಭಿಸಬಾರದು. ಉತ್ತರ ಬಾರದ ಪಾಠವನ್ನು ರೈತರು ಎರಡನೆಯ ಸಲ ತೆರೆಯುವುದಿಲ್ಲ.