ಶಾಸನದ ಕೊನೆಯ ಶಾಪ ಕಾಯುವುದು ನಿಧಿಯನ್ನಲ್ಲ

ಶಾಸನ ಹುಡುಕಿಕೊಂಡು ಹಳ್ಳಿಗೆ ಹೋದಾಗ ನನಗೆ ತಪ್ಪದೆ ಎದುರಾಗುವ ಪ್ರಶ್ನೆ ಒಂದಿದೆ: "ಸಾರ್, ಇದರ ಕೆಳಗೆ ನಿಧಿ ಇದೆಯಂತೆ, ಹೌದಾ?" ಕಲ್ಲಿನ ಮೇಲೆ ಸೂರ್ಯ, ಚಂದ್ರ, ಹಸು-ಕರು, ಕತ್ತಿ ಕಂಡರೆ ಅದು ನಿಧಿಯ ಗುರುತು ಅನ್ನೋ ನಂಬಿಕೆ ಹಲವು ಕಡೆ ಇದೆ. ಕೊನೆಯ ಸಾಲುಗಳಲ್ಲಿ ಶಾಪ ಇದೆ ಎಂದು ಓದಿ ಹೇಳಿದರೆ ಅನುಮಾನ ಇನ್ನೂ ಗಟ್ಟಿಯಾಗುತ್ತದೆ. "ಏನೂ ಇಲ್ಲದಿದ್ರೆ ಶಾಪ ಯಾಕೆ ಹಾಕ್ತಿದ್ರು?" ಕೇಳಬೇಕಾದ ಪ್ರಶ್ನೆಯೇ. ಉತ್ತರ ಆ ಕಲ್ಲಿನಲ್ಲೇ ಇದೆ.

ಈ ಭಾಗಕ್ಕೆ ಶಾಪಾಶಯ ಎಂದು ಹೆಸರು. ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನದಲ್ಲೇ, ದತ್ತಿಯನ್ನು ಅಳಿದವರಿಗೆ ಮಹಾಪಾತಕ ಎಂಬ ಎಚ್ಚರಿಕೆ ಇದೆ. ಅಲ್ಲಿ ಚಿಕ್ಕದಾಗಿದ್ದ ಮಾತು ಮುಂದೆ ಬೆಳೆಯುತ್ತಾ ಹೋಯಿತು. ವಾರಣಾಸಿಯಲ್ಲೋ ಕುರುಕ್ಷೇತ್ರದಲ್ಲೋ ಸಾವಿರ ಕವಿಲೆಗಳನ್ನು ಕೊಂದ ಪಾಪ ತಟ್ಟುತ್ತದೆ ಎಂಬುದು ಚಾಲುಕ್ಯ, ಹೊಯ್ಸಳ ಕಾಲದ ಶಾಸನಗಳಲ್ಲಿ ಮತ್ತೆ ಮತ್ತೆ ಸಿಗುತ್ತದೆ. ಕವಿಲೆ ಅಂದರೆ ಕಪಿಲೆ, ಕಂದು ಬಣ್ಣದ ಹಸು. ವಾರಣಾಸಿ ಎಷ್ಟೋ ಕಡೆ ಜನರ ಬಾಯಲ್ಲಿ ಇದ್ದ ಹಾಗೆ 'ಬಾರಣಾಸಿ' ಆಗಿದೆ. ವಿಜಯನಗರ ಕಾಲದಲ್ಲಿ ಇದೇ ಶಾಪ 'ಪಾಪಕ್ಕೆ ಹೋಹರು' ಎಂದು ಮುಗಿಯುವುದುಂಟು. ಹೋಹರು ಅಂದರೆ ಹೋಗುವರು.

ಹಾಗಾದರೆ ಯಾವ ತಪ್ಪಿಗೆ ಈ ಶಾಪ? 'ಈ ಧರ್ಮಕ್ಕೆ ತಪ್ಪಿದವರು' ಎಂಬ ಮಾತಿನಲ್ಲಿ ಗುಟ್ಟಿದೆ. ಇಲ್ಲಿ ಧರ್ಮ ಅಂದರೆ ಮತವಲ್ಲ, ಬಿಟ್ಟುಕೊಟ್ಟ ದತ್ತಿ: ದೇವರಿಗೆ ಕೊಟ್ಟ ಗದ್ದೆ, ನಂದಾದೀಪದ ಎಣ್ಣೆ, ಕೆರೆ ರಿಪೇರಿಗೆ ಬಿಟ್ಟ ಭೂಮಿ. ಕೊಟ್ಟ ಅರಸ ಸಾಯುತ್ತಾನೆ, ವಂಶವೇ ಬದಲಾಗಬಹುದು. ಮುಂದೆ ಬರುವವನು ಅದನ್ನು ಕಿತ್ತುಕೊಂಡರೆ ಕೇಳುವವರು ಯಾರು? ಆದ್ದರಿಂದಲೇ ಪಾಪದ ಭಯವನ್ನು ಕಾವಲಿಗೆ ನಿಲ್ಲಿಸಿದರು.

ಈ ಕಾವಲಿನ ಭಾಷೆಯಲ್ಲೇ ಒಂದು ಸ್ವಾರಸ್ಯವಿದೆ. ಓದಿದವರಿಗೆ ಸಂಸ್ಕೃತ ಶ್ಲೋಕ: ಕೊಟ್ಟದ್ದನ್ನು ಕಸಿದವನು 60,000 ವರ್ಷ ಮಲದ ಹುಳುವಾಗಿರುತ್ತಾನೆ. ಊರಿನವರಿಗೆ ಕನ್ನಡದಲ್ಲಿ ಹಸುವಿನ ಮಾತು, ತಂದೆತಾಯಿಯ ಮಾತು. ಅಕ್ಷರವೇ ಬಾರದವರಿಗೆ ಚಿತ್ರ. ಕೊಂಕಣ, ಗೋವಾ, ಮಹಾರಾಷ್ಟ್ರದ ಕಡೆ ಸಿಗುವ 'ಗಧೇಗಾಳ್' ಕಲ್ಲುಗಳಲ್ಲಿ ಹೆಂಗಸಿನ ಮೇಲೆ ಕತ್ತೆ ಏರಿದ ಚಿತ್ರವಿದೆ. ದಾನ ಕೆಡಿಸಿದವನ ಮನೆಯ ಹೆಣ್ಣಿಗೆ ಈ ಗತಿ ಎಂಬ ಬೈಗುಳ ಅದು. ತಪ್ಪು ಗಂಡಸಿನದು, ಶಿಕ್ಷೆ ಹೆಣ್ಣಿನ ಹೆಸರಿಗೆ. ಆ ಕಾಲದ ಈ ಮುಖವನ್ನೂ ಕಲ್ಲು ಮುಚ್ಚಿಡುವುದಿಲ್ಲ.

ಇನ್ನು ಸೂರ್ಯ, ಚಂದ್ರ. ಅವು 'ಆಚಂದ್ರಾರ್ಕ' ಎಂಬ ಮಾತಿನ ಚಿತ್ರರೂಪ: ಸೂರ್ಯ ಚಂದ್ರರು ಇರುವ ತನಕ ಈ ದತ್ತಿ ನಡೆಯಲಿ ಎಂದು. ನಡುವೆ ಲಿಂಗವಿದ್ದರೆ ದತ್ತಿ ಸಾಮಾನ್ಯವಾಗಿ ಶಿವಾಲಯಕ್ಕೆ, ಕುಳಿತ ಜಿನನಿದ್ದರೆ ಬಸದಿಗೆ. ಎಲ್ಲರೂ ನೋಡಲಿ ಅಂತ ಊರ ನಡುವೆ, ಗುಡಿಯ ಮುಂದೆ, ಕೆರೆ ಏರಿಯ ಮೇಲೆ ನಿಲ್ಲಿಸಿದ ಕಲ್ಲಿಗೆ ಗುಟ್ಟು ಎಲ್ಲಿಂದ ಬರಬೇಕು?

ನಿಧಿಯಾಸೆಗೆ ಕಲ್ಲು ಕಿತ್ತು ಒಡೆದವರಿಗೆ ಸಿಗುವುದು ಮಣ್ಣು. ಹೋಗುವುದು ಮಾತ್ರ ಊರಿನ ಹಳೆಯ ಹೆಸರು, ಕೆರೆ ಕಟ್ಟಿಸಿದವರ ಹೆಸರು, ಗದ್ದೆಯ ಎಲ್ಲೆಕಟ್ಟು. ಇವು ಬೇರೆಲ್ಲೂ ಬರೆದಿಟ್ಟಿರುವುದು ಅಪರೂಪ. ನಿಮ್ಮೂರಲ್ಲಿ ಇಂಥ ಕಲ್ಲಿದ್ದರೆ ಫೋಟೋ ತೆಗೆದಿಡಿ. ಯಾರಾದರೂ ನಿಧಿ ಅಂದರೆ, ಅದರಲ್ಲಿ ಬರೆದಿರೋದು ಏನು ಅಂತ ಊರವರಿಗೆ ಓದಿ ಹೇಳಿ. ಕಲ್ಲು ಉಳಿಯುವುದಕ್ಕೆ ಶಾಪಕ್ಕಿಂತ ಅದೇ ಹೆಚ್ಚು ಕೆಲಸ ಮಾಡುತ್ತದೆ.