‘ಡಂಬ್‌ಫೌಂಡೆಡ್’: ಒಂದು ಶಬ್ದದ ವಿಚಾರ

ನಾನು ಮೊದಲನೆಯ ಬಿ.ಎ. ತರಗತಿಯಲ್ಲಿದ್ದಾಗ ಒಂದು ದಿನ ಇಂಗ್ಲಿಷ್ ಅಧ್ಯಾಪಕರು ‘ಡಂಬ್‌ಫೌಂಡೆಡ್’ ಎಂದರೇನೆಂದು ನನ್ನನ್ನು ಕೇಳಿದರು. ಎದ್ದು ನಿಂತೆ, ಬಾಯಿಂದ ಮಾತೇ ಹೊರಡಲಿಲ್ಲ. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಅಧ್ಯಾಪಕರು ಮಾತ್ರ, “ಕೂತುಕೋಪ್ಪಾ, ಅರ್ಥವನ್ನು ನೀನು ಅಭಿನಯಿಸಿಯೇ ತೋರಿಸಿದೆ” ಎಂದರು. ಅಂದಿನಿಂದ ಆ ಶಬ್ದದ ಬೆನ್ನುಹತ್ತಿ ತಿಳಿದುಕೊಂಡದ್ದನ್ನು ವಾಚಕಮಿತ್ರರ ಮುಂದಿಡುತ್ತಿದ್ದೇನೆ.

ಇದು ಎರಡು ಶಬ್ದಗಳ ಬೆಸುಗೆ. ‘ಡಂಬ್’ ಎಂಬುದು ಹಳೆಯ ಇಂಗ್ಲಿಷಿನ ಶಬ್ದ. ಮಾತಿಲ್ಲದ ಎಂದು ಅದರ ಅರ್ಥ. ‘ಫೌಂಡ್’ ಎಂಬುದು ‘ಕಂಡ’ ಎಂಬರ್ಥದ್ದಲ್ಲ, ‘ಕನ್‌ಫೌಂಡ್’ ಎಂಬ ಕ್ರಿಯಾಪದದ ಬಾಲ. ಆ ಪದದ ಲ್ಯಾಟಿನ್ ಮೂಲಕ್ಕೆ ‘ಒಟ್ಟಿಗೆ ಸುರಿದು ಬೆರೆಸು’ ಎಂದರ್ಥ. ಇವೆರಡೂ 17ನೆಯ ಶತಮಾನದಲ್ಲಿ ಕೂಡಿದವು. ಬುದ್ಧಿ ಕಲಸಿಹೋಗಿ ಮಾತು ನಿಂತುಹೋದ ಸ್ಥಿತಿಯೇ ಇದು. ನಮ್ಮ ‘ಮೂಕವಿಸ್ಮಿತ’ನಿಗೆ ತೀರ ಹತ್ತಿರ.

ಬಳಸುವಾಗ ತಾರತಮ್ಯ ಬೇಕು. ‘ಸರ್‌ಪ್ರೈಸ್ಡ್’ ಸಾಮಾನ್ಯ ಅಚ್ಚರಿ. ‘ಅಸ್ಟಾನಿಷ್ಡ್’ ಅದಕ್ಕೂ ಮಿಗಿಲು. ಅದರ ಬೇರಿನಲ್ಲಿ ಗುಡುಗಿನ ಅರ್ಥವಿದೆ. ‘ಡಂಬ್‌ಫೌಂಡೆಡ್’ ಎನ್ನಬೇಕಾದರೆ ಬಾಯಿ ಕಟ್ಟಿರಲೇಬೇಕು. ಬಸ್ಸು ಐದು ನಿಮಿಷ ತಡವಾದುದಕ್ಕೆ ಈ ಶಬ್ದ ಸಲ್ಲದು. ನಪಾಸಾದೆನೆಂದುಕೊಂಡವನು ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದರೆ ಸಲ್ಲುತ್ತದೆ. ಒಳ್ಳೆಯ ಸುದ್ದಿಗೂ ಕೆಟ್ಟ ಸುದ್ದಿಗೂ ಇದು ಹೊಂದುತ್ತದೆ. ಇದರ ಮುಂದೆ ಸಾಮಾನ್ಯವಾಗಿ ‘ಬೈ’ ಅಥವಾ ‘ಅಟ್’ ಬರುತ್ತದೆ.

ಒಂದು ಎಚ್ಚರಿಕೆ ಅಗತ್ಯ. ‘ಡಂಬ್’ ಎಂದರೆ ‘ದಡ್ಡ’ ಎಂಬ ಅರ್ಥ ಅಮೆರಿಕದಲ್ಲಿ 19ನೆಯ ಶತಮಾನದಿಂದ ಬಲವಾಗಿ ಬೇರೂರಿತು. ದಡ್ಡನೆಂಬರ್ಥದ ಜರ್ಮನ್ ಶಬ್ದ ‘ಡುಮ್’ ಅದಕ್ಕೆ ಒತ್ತಾಸೆಯಾಯಿತು. ಇಂದು ಮಾತು ಬಾರದವರನ್ನು ಆ ಶಬ್ದದಿಂದ ಕರೆಯುವುದು ಅಗೌರವವೆನಿಸಿದೆ. ‘ಡಂಬ್‌ಫೌಂಡೆಡ್’ನಲ್ಲಾದರೋ ಹಳೆಯ ಅರ್ಥವೇ ಉಳಿದಿದೆ, ಅದರಲ್ಲಿ ಮೌನವಿದೆ, ದಡ್ಡತನವಿಲ್ಲ.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಈ ಶಬ್ದವನ್ನು ಅವ್ವನಿಗೆ ಬಹಳ ಕಷ್ಟಪಟ್ಟು ವಿವರಿಸಿದೆ. ಅವಳು ರೊಟ್ಟಿ ತಟ್ಟುತ್ತಲೇ, “ಗರ ಬಡ್ದಂಗೆ ನಿಂತ್ಕೊಳ್ಳೋದು ಅನ್ನು, ಅದಕ್ಯಾಕೆ ಇಷ್ಟು ಮಾತು?” ಎಂದಳು. ಶಾಲೆಯನ್ನೇ ಕಾಣದ ಅವ್ವ ಒಂದೇ ಮಾತಿನಲ್ಲಿ ಅರ್ಥ ಹೇಳಿಬಿಟ್ಟಿದ್ದಳು. ನಾನು ಎರಡನೆಯ ಸಲ ಮಾತಿಲ್ಲದೆ ನಿಂತೆ.

ಮುಂದಿನ ವರ್ಷ ಹಳ್ಳಿಯಿಂದ ಬಂದ ಹುಡುಗನೊಬ್ಬ ತರಗತಿಯಲ್ಲಿ ಹಾಗೆ ನಿಂತರೆ, ಮಿತ್ರರು ನಗುವ ಮುನ್ನ ಈ ಶಬ್ದದ ಅರ್ಥವನ್ನು ನೆನೆಯಬೇಕೆಂದು ನನ್ನ ಬಿನ್ನಹ.